ಕಲ್ಲಿನಲ್ಲಿ ಅಡಗಿರುವ ಚಿತ್ರಗಳು

ನಿಮ್ಮ ಅಡುಗೆಮನೆಯ ಕಟ್ಟೆಯ ಕಲ್ಲನ್ನು ದಿನಕ್ಕೆ ಎಷ್ಟು ಬಾರಿ ಒರೆಸುತ್ತೀರಿ? ಹಾಲು ಉಕ್ಕಿದರೆ ಒಮ್ಮೆ, ತರಕಾರಿ ಹೆಚ್ಚಿದ ಮೇಲೆ ಒಮ್ಮೆ, ರೊಟ್ಟಿ ಲಟ್ಟಿಸಿದ ಮೇಲೆ ಒಮ್ಮೆ, ರಾತ್ರಿ ಒಲೆ ಆರಿಸಿದ ಮೇಲೆ ಮತ್ತೊಮ್ಮೆ. ವರ್ಷಕ್ಕೆ ಸಾವಿರ ಸಲಕ್ಕೂ ಹೆಚ್ಚು ನಿಮ್ಮ ಕೈ ಆ ಕಲ್ಲಿನ ಮೇಲೆ ಓಡಾಡುತ್ತದೆ. ಈಗ ಎದ್ದು ಹೋಗಿ ನೋಡದೆ, ಕುಳಿತಲ್ಲೇ ಉತ್ತರಿಸಿ: ಆ ಕಲ್ಲಿನಲ್ಲಿ ಎಷ್ಟು ಬಣ್ಣಗಳಿವೆ? ಅದರ ಚುಕ್ಕೆಗಳು ದುಂಡಗಿವೆಯೇ, ಉದ್ದಗಿವೆಯೇ? ಎಲ್ಲಾದರೂ ಒಂದು ಗೆರೆ ಓಡಿದೆಯೇ?

ನಮ್ಮಲ್ಲಿ ಹೆಚ್ಚಿನವರು ಉತ್ತರಿಸಲಾರೆವು. ಕಾರಣ ಸರಳ. ಕಲ್ಲು ಸ್ವಚ್ಛವಾಗಿದೆಯೇ ಇಲ್ಲವೇ ಎಂದಷ್ಟೇ ನಾವು ನೋಡುತ್ತೇವೆ. ಕಲ್ಲನ್ನು ನೋಡುವುದಿಲ್ಲ. ಮನೆಯ ಕೆಲಸ ನಮ್ಮ ಕಣ್ಣನ್ನು ಹಾಗೆ ಪಳಗಿಸಿಬಿಟ್ಟಿದೆ. ಎಲೆಕೋಸಿನಲ್ಲಿ ಹುಳ ಇದೆಯೇ, ಗೋಡೆಯಲ್ಲಿ ತೇವ ಇದೆಯೇ, ಬಟ್ಟೆಯಲ್ಲಿ ಕಲೆ ಉಳಿದಿದೆಯೇ ಎಂದು ದಿನವಿಡೀ ಹುಡುಕುವ ಕಣ್ಣು ಅದು. ದೋಷ ಹುಡುಕುವುದರಲ್ಲಿ ಅದು ಚುರುಕು. ಆದರೆ ಸುಮ್ಮನೆ ನೋಡುವುದನ್ನು ಅದು ಮರೆತಿದೆ.

ಅದನ್ನು ಮತ್ತೆ ಕಲಿಸುವ ಒಂದು ಸಣ್ಣ ವಿದ್ಯೆಯ ಬಗ್ಗೆ ಈ ಲೇಖನ. ಇದಕ್ಕೆ ಊರೂರು ತಿರುಗಬೇಕಾಗಿಲ್ಲ, ದುಬಾರಿ ಕ್ಯಾಮೆರಾ ಬೇಕಾಗಿಲ್ಲ. ಕೈಯಲ್ಲೊಂದು ಸಾಧಾರಣ ಮೊಬೈಲ್ ಇದ್ದರೆ ಸಾಕು. ಕಲ್ಲು, ಎಲೆ, ತೊಗಟೆ, ನೀರು, ಪಾಚಿ ಇವುಗಳ ತೀರಾ ಹತ್ತಿರಕ್ಕೆ ಹೋಗಿ, ಅದರ ಒಂದು ಅಂಗೈಯಗಲದ ಭಾಗವನ್ನು ಮಾತ್ರ ಫೋಟೋ ತೆಗೆಯುವುದು. ಆಗ ಅದು ಏನೆಂದು ಗುರುತು ಸಿಗದ, ಬಣ್ಣ ಮತ್ತು ಗೆರೆಗಳು ಮಾತ್ರ ಉಳಿದ ಒಂದು ಚಿತ್ರವಾಗುತ್ತದೆ. ಕಲೆಯ ಭಾಷೆಯಲ್ಲಿ ಇದನ್ನು ಅಮೂರ್ತ ಚಿತ್ರ ಎನ್ನುತ್ತಾರೆ.

ಹೆಸರು ಮರೆತು ನೋಡುವುದು

ಅಮೂರ್ತ ಎಂಬ ಶಬ್ದ ಕೇಳಿ ಹೆದರಬೇಡಿ. ‘ತಲೆಬುಡ ಅರ್ಥವಾಗದ ಚಿತ್ರ’ ಎಂದು ಅದನ್ನು ಗೇಲಿ ಮಾಡುವುದುಂಟು. ಆದರೆ ಅದರ ಮರ್ಮ ಮಕ್ಕಳಿಗೂ ಗೊತ್ತು. ಮೋಡ ನೋಡಿ ಒಂಟೆ ಎನ್ನುವ ಮಗು, ಗೋಡೆಯ ಸುಣ್ಣ ಉದುರಿದ ಜಾಗದಲ್ಲಿ ದೇಶದ ನಕ್ಷೆ ಕಾಣುವ ಮಗು ಅದನ್ನೇ ಮಾಡುತ್ತಿರುತ್ತದೆ.

ನಾವು ಒಂದು ವಸ್ತುವಿಗೆ ಹೆಸರಿಟ್ಟ ಕೂಡಲೇ ಅದನ್ನು ನೋಡುವುದನ್ನು ನಿಲ್ಲಿಸುತ್ತೇವೆ. ‘ಇದು ಬಾಳೆ ಎಲೆ’ ಎಂದು ಗೊತ್ತಾದ ಮೇಲೆ ಇನ್ನೇನು ನೋಡುವುದಿದೆ? ಅದೇ ಎಲೆಯ ನಾಲ್ಕು ಬೆರಳಗಲದ ತುಂಡನ್ನು ಬೆಳಕಿಗೆ ಹಿಡಿದು ಫೋಟೋ ತೆಗೆಯಿರಿ. ಎಲೆಯ ಅಂಚು ಕಾಣಬಾರದು, ನಡುದಂಟು ಕಾಣಬಾರದು. ಒಂದರ ಪಕ್ಕ ಒಂದು ಸಮಾನಾಂತರವಾಗಿ ಓಡುವ ಹಸಿರು ಗೆರೆಗಳು ಮಾತ್ರ ಉಳಿಯುತ್ತವೆ. ಇದು ಉತ್ತ ಹೊಲವೇ? ನೇಯ್ದ ಬಟ್ಟೆಯೇ? ನೋಡಿದವರು ಕೇಳುತ್ತಾರೆ. ಹೆಸರು ಕಳಚಿದ ಕೂಡಲೇ ರೂಪ ಎದ್ದು ನಿಲ್ಲುತ್ತದೆ.

ಇಲ್ಲಿ ನೀವು ಹೊಸದಾಗಿ ಏನನ್ನೂ ಸೃಷ್ಟಿಸುತ್ತಿಲ್ಲ ಎಂಬುದನ್ನು ಗಮನಿಸಿ. ಸೃಷ್ಟಿ ಅಲ್ಲಾಹನದು. ಆ ಗೆರೆ, ಆ ಬಣ್ಣ, ಆ ಚುಕ್ಕೆ ಎಲ್ಲವೂ ಅಲ್ಲಿ ಮೊದಲೇ ಇದ್ದವು. ನಿಮ್ಮ ಕೆಲಸವಿಷ್ಟೇ: ಯಾವುದನ್ನು ಚೌಕಟ್ಟಿನ ಒಳಗೆ ಇಟ್ಟುಕೊಳ್ಳುವುದು, ಯಾವುದನ್ನು ಹೊರಗೆ ಬಿಡುವುದು ಎಂದು ತೀರ್ಮಾನಿಸುವುದು.

ಚಾಮುಂಡಿ ಬೆಟ್ಟದ ಕೆಂಗಲ್ಲು

ಮೈಸೂರಿನಲ್ಲಿ ಇರುವವರಿಗೆ ಈ ವಿದ್ಯೆ ಕಲಿಯಲು ಬೆಟ್ಟದಂಥ ಪಾಠಶಾಲೆಯೇ ಇದೆ. ಚಾಮುಂಡಿ ಬೆಟ್ಟ ನಸುಗೆಂಪು ಗ್ರಾನೈಟ್ ಶಿಲೆಯಿಂದಾದದ್ದು. ಭೂವಿಜ್ಞಾನಿಗಳ ಪ್ರಕಾರ ಈ ಶಿಲೆಯ ವಯಸ್ಸು ಸುಮಾರು 80 ಕೋಟಿ ವರ್ಷ. ಆದರೆ ಅದರ ಸುತ್ತಲಿನ ನೆಲದಡಿ ಇರುವುದು ಇನ್ನೂ ಎಷ್ಟೋ ಹಳೆಯ, ಪಟ್ಟೆಪಟ್ಟೆಯಾದ ನೈಸ್ ಎಂಬ ಶಿಲೆ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿರುವ ಬಂಡೆಯೂ ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ!

ಬೆಟ್ಟದ ಕಲ್ಲಿನ ಹತ್ತಿರ ಹೋಗಿ ನೋಡಿದರೆ ಅದು ಒಂದೇ ಬಣ್ಣದ್ದಲ್ಲ. ನಸುಗೆಂಪು ಹರಳುಗಳು ಫೆಲ್ಡ್‌ಸ್ಪಾರ್ ಎಂಬ ಖನಿಜ. ಅವುಗಳ ನಡುವೆ ಬೂದುಬಣ್ಣದ ಗಾಜಿನಂತೆ ಕಾಣುವುದು ಬೆಣಚುಕಲ್ಲು. ಕಪ್ಪು ಚುಕ್ಕೆಗಳು ಅಭ್ರಕದಂಥ ಬೇರೆ ಖನಿಜಗಳು. ಕರಗಿದ ಶಿಲೆ ಭೂಮಿಯ ಆಳದಲ್ಲಿ ಬಹಳ ನಿಧಾನವಾಗಿ ತಣಿದರೆ ಹರಳುಗಳಿಗೆ ಬೆಳೆಯಲು ಸಮಯ ಸಿಗುತ್ತದೆ. ಆದ್ದರಿಂದಲೇ ಗ್ರಾನೈಟ್‌ನ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ದೊಡ್ಡವು. ಸಕ್ಕರೆ ಪಾಕವನ್ನು ನಿಧಾನವಾಗಿ ಆರಲು ಬಿಟ್ಟರೆ ಕಲ್ಲುಸಕ್ಕರೆಯ ದೊಡ್ಡ ಹರಳು ಕಟ್ಟುವುದಿಲ್ಲವೇ? ಹಾಗೆಯೇ. ನೈಸ್‌ನ ಪಟ್ಟೆಗಳ ಕಥೆ ಬೇರೆ. ಅಪಾರ ಶಾಖ ಮತ್ತು ಒತ್ತಡಕ್ಕೆ ಸಿಕ್ಕ ಶಿಲೆಯಲ್ಲಿ ಬಿಳಿ ಮತ್ತು ಕಪ್ಪು ಖನಿಜಗಳು ಬೇರೆಬೇರೆ ಪದರಗಳಾಗಿ, ಹಿಟ್ಟನ್ನು ಮಡಚಿ ನಾದಿದಂತೆ ಬಳುಕಿ ನಿಂತಿವೆ.

ಬೆಟ್ಟದ ಬಂಡೆಗಳ ಮೇಲೆ ಇನ್ನೊಂದು ಚಿತ್ರಕಾರನ ಕೆಲಸವೂ ಕಾಣುತ್ತದೆ. ಬೂದು, ತಿಳಿಹಸಿರು, ಕಿತ್ತಳೆ ಬಣ್ಣದ ಒಣಗಿದ ಕಲೆಗಳು, ವೃತ್ತದೊಳಗೊಂದು ವೃತ್ತ. ಬಣ್ಣ ಚೆಲ್ಲಿದೆ ಎಂದು ನಾವು ಮುಂದೆ ಹೋಗುತ್ತೇವೆ. ಅದು ಕಲ್ಲುಹೂವು. ಬಿರಿಯಾನಿ ಮಸಾಲೆಗೆ ಅಂಗಡಿಯಿಂದ ತರುವ ಕಲ್ಲುಹೂವಿನ ಬಂಧುಗಳೇ ಇವು! ಒಂದು ಶಿಲೀಂಧ್ರ, ಒಂದು ಪಾಚಿ ಕೂಡಿ ಒಂದೇ ಮನೆ ಮಾಡಿಕೊಂಡ ಜೀವನ ಅದರದು. ಶಿಲೀಂಧ್ರ ಆಸರೆ ಮತ್ತು ತೇವ ಕೊಡುತ್ತದೆ, ಪಾಚಿ ಬಿಸಿಲಿನಿಂದ ಆಹಾರ ತಯಾರಿಸುತ್ತದೆ. ಬಂಡೆಯ ಮೇಲಿನ ಎಷ್ಟೋ ಜಾತಿಗಳು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈಯಗಲದ ಒಂದು ಕಲೆ ನಮ್ಮ ಅಜ್ಜಿಯ ಕಾಲದಿಂದ ಅಲ್ಲೇ ಇದ್ದಿರಬಹುದು. ಆದ್ದರಿಂದ ಅದನ್ನು ಕೆರೆಯಬೇಡಿ. ಚಿತ್ರ ತೆಗೆದುಕೊಂಡು ಬನ್ನಿ.

ಪವಿತ್ರ ಕುರ್‌ಆನ್ ಓದುವ ಸಹೋದರಿಯರಿಗೆ ಇಲ್ಲಿ ಒಂದು ಮಾತು ನೆನಪಾಗಬಹುದು. ಸೂರಃ ಫಾತಿರ್‌ನಲ್ಲಿ ಹಣ್ಣುಗಳ ಬಣ್ಣಗಳ ಪ್ರಸ್ತಾಪ ಬಂದ ಬೆನ್ನಿಗೇ ಪರ್ವತಗಳಲ್ಲಿನ ಬಣ್ಣದ ಪಟ್ಟೆಗಳ ಪ್ರಸ್ತಾಪ ಬರುತ್ತದೆ. ಅದಾಗುತ್ತಲೇ ಜ್ಞಾನವುಳ್ಳವರ ವಿಷಯ ಬರುತ್ತದೆ. ಹಣ್ಣಿನ ಬಣ್ಣವನ್ನು ನಾವು ಸಂತೆಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತೇವೆ. ಕಲ್ಲಿನ ಬಣ್ಣವನ್ನು ನಾವು ಕೊನೆಯ ಬಾರಿ ನೋಡಿದ್ದು ಯಾವಾಗ?

ಹುಲಿಯಿಲ್ಲದ ಹುಲಿಪಟ್ಟೆ

ಗುರುತು ಕಳಚಿ ರೂಪವನ್ನು ಮಾತ್ರ ಉಳಿಸಿಕೊಳ್ಳುವ ಈ ಕಲೆ ಪಶ್ಚಿಮದಿಂದ ಬಂದದ್ದೆಂದು ಭಾವಿಸಬೇಡಿ. ಅದರ ಒಳ್ಳೆಯ ಉದಾಹರಣೆ ಮೈಸೂರಿನಿಂದ ಅರ್ಧ ಗಂಟೆಯ ದಾರಿಯಲ್ಲಿದೆ.

ಹೈದರಲಿ 1782ರಲ್ಲಿ ತೀರಿಕೊಂಡ ಮೇಲೆ ಟಿಪ್ಪು ಸುಲ್ತಾನರು ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿದ ಗುಂಬಝ್ ಅನ್ನು ನೀವು ನೋಡಿರಬಹುದು. 1799ರಲ್ಲಿ ಟಿಪ್ಪು ಅವರನ್ನೂ ಅಲ್ಲಿಯೇ ದಫನ್ ಮಾಡಲಾಯಿತು. ಅಲ್ಲಿಗೆ ಹೋದವರು ಕಬರ್‌ಗಳ ಬಳಿ ದುಆ ಮಾಡಿ, ಗುಮ್ಮಟದ ಎದುರು ನಿಂತು ಫೋಟೋ ತೆಗೆಸಿಕೊಂಡು ಬರುತ್ತಾರೆ. ಮುಂದಿನ ಬಾರಿ ಹೋದಾಗ ಹೊರಗಿನ ಹಜಾರದ ಕಪ್ಪು ಕಂಬಗಳ ಹತ್ತಿರ ಒಂದು ನಿಮಿಷ ನಿಲ್ಲಿ. ಒಟ್ಟು 36 ಕಂಬಗಳು. ಈ ಕರಿಕಲ್ಲು ತುಮಕೂರು ಜಿಲ್ಲೆಯ ತುರುವೇಕೆರೆಯ ಕಡೆಯಿಂದ ಬಂದದ್ದು. ಕನ್ನಡಿಯಂತೆ ಉಜ್ಜಿದ ಆ ಕಲ್ಲಿನಲ್ಲಿ ಆಕಾಶ, ಮರ, ಬಿಳಿ ಗೋಡೆ ಎಲ್ಲವೂ ಉದ್ದುದ್ದವಾಗಿ ಬಾಗಿ ಕಾಣುತ್ತವೆ. ಕಂಬವನ್ನು ಬಿಟ್ಟು ಆ ಪ್ರತಿಬಿಂಬವನ್ನು ಮಾತ್ರ ಚೌಕಟ್ಟಿನಲ್ಲಿ ಹಿಡಿದರೆ ನೀರಿನ ಮೇಲೆ ಶಾಯಿ ಹರಡಿದಂಥ ಚಿತ್ರ ಸಿಗುತ್ತದೆ.

ಗುಂಬಝ್‌ನ ಒಳಗೋಡೆಗೆ ಬಳಿದಿರುವುದು ಹುಲಿಯ ಪಟ್ಟೆ. ಟಿಪ್ಪು ಅವರ ಕಾಲದಲ್ಲಿ ‘ಬಬ್ರಿ’ ಎಂದು ಕರೆಯುತ್ತಿದ್ದ ಈ ಪಟ್ಟೆ ಸೈನಿಕರ ಉಡುಪಿನಲ್ಲಿ, ಆಯುಧಗಳ ಮೇಲೆ ಬರುತ್ತಿತ್ತು. ಗೋಡೆಯಲ್ಲಿ ಹುಲಿಯ ಕಣ್ಣಿಲ್ಲ, ಬಾಯಿಲ್ಲ, ಪಂಜವಿಲ್ಲ. ಅಲೆಯಂಥ ಪಟ್ಟೆಗಳು ಮಾತ್ರ. ಆದರೂ ನೋಡಿದವರಿಗೆ ಹುಲಿಯ ಗತ್ತು ಅರಿವಾಗುತ್ತದೆ. ಪ್ರಾಣಿಯನ್ನು ಬಿಟ್ಟು ಅದರ ಮೈಯ ಗೆರೆಯನ್ನಷ್ಟೇ ತೆಗೆದುಕೊಂಡ ಆ ಅನಾಮಿಕ ಕುಶಲಕರ್ಮಿ ಇಂದಿನ ಕ್ಲೋಸ್‌ಅಪ್ ಛಾಯಾಗ್ರಾಹಕ ಮಾಡುವುದನ್ನೇ ಕುಂಚದಲ್ಲಿ ಮಾಡಿದ್ದ.

ಇನ್ನೂ ಹಿಂದಕ್ಕೆ ಹೋಗಿ, 17ನೇ ಶತಮಾನದ ಆದಿಲ್‌ಶಾಹಿ ಬಿಜಾಪುರವನ್ನು ನೋಡಿ. ಅಲ್ಲಿ ‘ಅಬ್ರಿ’ ಕಾಗದದ ಕಲೆ ಉಚ್ಛ್ರಾಯದಲ್ಲಿತ್ತು. ಪಾರ್ಸಿ ಭಾಷೆಯಲ್ಲಿ ಅಬ್ರ್ ಎಂದರೆ ಮೋಡ. ಗೋಂದಿನಿಂದ ದಪ್ಪವಾಗಿಸಿದ ನೀರಿನ ಮೇಲೆ ಬಣ್ಣದ ಹನಿಗಳನ್ನು ತೇಲಿಬಿಟ್ಟು, ಕಡ್ಡಿಯಿಂದ ಮೆಲ್ಲನೆ ಎಳೆದು, ಮೇಲೆ ಕಾಗದ ಹಾಸಿ ಎತ್ತಿಕೊಳ್ಳುವುದು. ಕಾಗದದ ಮೇಲೆ ಅಮೃತಶಿಲೆಯ ಗೆರೆಗಳಂತೆ, ಮೋಡಗಳಂತೆ ಬಣ್ಣ ಮೂಡುತ್ತದೆ. ಬಿಜಾಪುರದಲ್ಲಿ ತಯಾರಾದವೆಂದು ಪರಿಣತರು ಗುರುತಿಸಿರುವ ಅಬ್ರಿ ಚಿತ್ರಗಳು ಇಂದು ವಿದೇಶದ ವಸ್ತುಸಂಗ್ರಹಾಲಯಗಳಲ್ಲಿವೆ. ತುರ್ಕಿಯಲ್ಲಿ ಎಬ್ರು ಎಂಬ ಹೆಸರಿನಲ್ಲಿ ಈ ಕಲೆ ಇಂದಿಗೂ ಬದುಕಿದೆ. 2014ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಬೀಟೆ ಮರದಲ್ಲಿ ಕಂಡ ಮೋಡ

ಮೈಸೂರಿನ ಬೀಟೆ ಮರದ ಇನ್‌ಲೇ ಕೆಲಸ ನಿಮಗೆ ಗೊತ್ತೇ ಇದೆ. ಭೌಗೋಳಿಕ ಮಾನ್ಯತೆ ಪಡೆದಿರುವ ಕಲೆಯಿದು. ಇದರಲ್ಲಿ ತೊಡಗಿರುವ ಕುಶಲಕರ್ಮಿಗಳಲ್ಲಿ ನಮ್ಮ ಸಮುದಾಯದವರೇ ಬಹಳ ಮಂದಿ. ಹಿಂದೆ ದಂತದ ಚೂರುಗಳನ್ನು ಕೂರಿಸುತ್ತಿದ್ದರು. ದಂತದ ವ್ಯಾಪಾರ ನಿಷೇಧವಾದ ಮೇಲೆ ಬೇರೆ ಬೇರೆ ಮರಗಳ ಚೂರುಗಳು ಮತ್ತು ಪ್ಲಾಸ್ಟಿಕ್ ಬಂದವು.

ಮರದ ಚೂರು ಕೂರಿಸುವ ಒಳ್ಳೆಯ ಕೆಲಸಗಾರನನ್ನು ನೋಡಿ. ಅವನು ಆಕಾಶಕ್ಕೆ ಬಣ್ಣ ಬಳಿಯುವುದಿಲ್ಲ. ಯಾವ ಮರದ ತುಂಡಿನ ಎಳೆಗಳು ಮೋಡದಂತೆ ಹರಡಿವೆಯೋ ಅದನ್ನು ಹುಡುಕುತ್ತಾನೆ. ಯಾವುದರ ಎಳೆ ಅಲೆಅಲೆಯಾಗಿದೆಯೋ ಅದು ನದಿಗೆ. ಹಳದಿ ಬೇಕಾದರೆ ಹಲಸಿನ ಮರ. ಹಲಗೆಯನ್ನು ಬೆಳಕಿನ ಕಡೆ ವಾಲಿಸಿ, ತಿರುಗಿಸಿ, ಕೈ ಸವರಿ ಆರಿಸುತ್ತಾನೆ. ನಮಗೆ ಅದು ಮರದ ಹಲಗೆ. ಅವನಿಗೆ ಅದರೊಳಗೆ ಒಂದು ಸಂಜೆ ಕಾಣುತ್ತದೆ. ಈ ಕುಟುಂಬಗಳ ಹೆಣ್ಣುಮಕ್ಕಳು ನನ್ನ ತರಗತಿಯಲ್ಲಿ ಓದಿದ್ದಾರೆ. ಮೇಜಿನ ಮೇಲಿನ ಎಳೆಗಳನ್ನು ಬೆರಳಿನಿಂದ ಹಿಂಬಾಲಿಸುತ್ತಾ ಕೂರುವ ಹುಡುಗಿಯನ್ನು ಪಾಠ ಕೇಳುತ್ತಿಲ್ಲವೆಂದು ಗದರಿಸುವ ಮುನ್ನ ಯಾವ ಶಿಕ್ಷಕಿಯಾದರೂ ಎರಡು ಸಲ ಯೋಚಿಸಬೇಕು. ಆ ಕಣ್ಣು ಅವಳಿಗೆ ಮನೆಯಿಂದ ಬಂದ ಆಸ್ತಿ.

ಎಲೆಕೋಸಿನ ಚಿತ್ರ ತೆಗೆದವರು

ಜರ್ಮನಿಯ ಬರ್ಲಿನ್‌ನಲ್ಲಿ ಕಾರ್ಲ್ ಬ್ಲಾಸ್‌ಫೆಲ್ಟ್ ಎಂಬ ಚಿತ್ರಕಲಾ ಶಿಕ್ಷಕರಿದ್ದರು. 1898ರಿಂದ ಸುಮಾರು ಮೂರು ದಶಕ ಅವರು ಪಾಠ ಹೇಳಿದರು. ಕಬ್ಬಿಣದ ಗೇಟು, ಮರದ ಕೆತ್ತನೆ ಇತ್ಯಾದಿಗಳ ವಿನ್ಯಾಸವನ್ನು ಸಸ್ಯಗಳಿಂದ ಕಲಿಯಿರಿ ಎಂಬುದು ಅವರ ಪಾಠ. ಆದರೆ ಚಿಗುರು, ಬೀಜ, ಮೊಗ್ಗುಗಳು ಹಿಂದಿನ ಬೆಂಚಿನ ವಿದ್ಯಾರ್ಥಿಗೆ ಕಾಣುವುದು ಹೇಗೆ? ಅವರೇ ಕ್ಯಾಮೆರಾ ತಯಾರಿಸಿಕೊಂಡು, 30 ಪಟ್ಟಿನವರೆಗೂ ಹಿಗ್ಗಿಸಿ ಅವುಗಳ ಫೋಟೋ ತೆಗೆದರು. ರಸ್ತೆಬದಿಯ ಕಳೆಗಿಡಗಳೇ ಅವರಿಗೆ ಸಾಕಾಗಿದ್ದವು. ಸುರುಳಿ ಬಿಚ್ಚುವ ಜರೀಗಿಡದ ಚಿಗುರು ಅವರ ಚಿತ್ರದಲ್ಲಿ ಕಮ್ಮಾರ ಬಡಿದು ಬಗ್ಗಿಸಿದ ಕಬ್ಬಿಣದಂತೆ ಕಾಣುತ್ತದೆ. 1928ರಲ್ಲಿ ಆ ಚಿತ್ರಗಳು ಪುಸ್ತಕವಾಗಿ ಬಂದಾಗ ಅವರಿಗೆ ಅರವತ್ತು ದಾಟಿತ್ತು. ತರಗತಿಗೆಂದು ತೆಗೆದ ಚಿತ್ರಗಳಿಗಾಗಿ ಜಗತ್ತು ಅವರನ್ನು ಗುರುತಿಸಿತು.

ಅಮೆರಿಕದ ಎಡ್ವರ್ಡ್ ವೆಸ್ಟನ್ ಎಂಬ ಛಾಯಾಗ್ರಾಹಕರು 1930ರಲ್ಲಿ ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಇಟ್ಟು ಫೋಟೋ ತೆಗೆದರು. ಆಲಿಕೆಯ ಒಳಮೈಯಿಂದ ಬೆಳಕು ಮೆದುವಾಗಿ ಪುಟಿದು ಅದರ ಮಡಿಕೆಗಳ ಮೇಲೆ ಬಿದ್ದಿತು. ಮರುವರ್ಷ ಅವರು ಎಲೆಕೋಸಿನ ಒಂದು ಎಲೆಯ ಚಿತ್ರ ತೆಗೆದರು. ಅದರ ನರಗಳು ರೇಷ್ಮೆ ಬಟ್ಟೆಯ ನೆರಿಗೆಗಳಂತೆ ಇಳಿಯುತ್ತವೆ. ಛಾಯಾಗ್ರಹಣದ ಇತಿಹಾಸ ಹೇಳುವ ಪುಸ್ತಕಗಳಲ್ಲಿ ಇಂದು ಈ ಚಿತ್ರಗಳಿಗೆ ಜಾಗವಿದೆ. ಅಡುಗೆಮನೆಯ ತರಕಾರಿ ಬುಟ್ಟಿಯಿಂದಲೇ ಎದ್ದು ಬಂದ ಚಿತ್ರಗಳಿವು. ಹಾಗಿದ್ದರೆ ಇಂಥ ಬುಟ್ಟಿಯ ಜೊತೆ ದಿನಕ್ಕೆ ಮೂರು ಹೊತ್ತು ಕಳೆಯುವ ನಮಗೆ ಎಷ್ಟೊಂದು ಅವಕಾಶವಿದೆ!

ಮುಖವಿಲ್ಲದ ಚಿತ್ರ

ಮೈಸೂರು ಒಬ್ಬ ದೊಡ್ಡ ಛಾಯಾಗ್ರಾಹಕರನ್ನು ಕೊಟ್ಟ ಊರು. 1923ರಲ್ಲಿ ಇಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಟಿ. ಎಸ್. ಸತ್ಯನ್ ಅವರು ಜನಸಾಮಾನ್ಯರ ಮುಖಗಳನ್ನು, ಮಕ್ಕಳ ನಗುವನ್ನು ಹಿಡಿದಿಟ್ಟವರು. ಪದ್ಮಶ್ರೀ ಪಡೆದವರು. ಅವರದು ಮುಖಗಳ ದಾರಿ. ನಾನು ಹೇಳುತ್ತಿರುವುದು ಮುಖವಿಲ್ಲದ ಚಿತ್ರಗಳ ದಾರಿ. ಈ ದಾರಿಯಲ್ಲಿ ನಮ್ಮ ಮನೆಗಳಿಗೆ ಕೆಲವು ಅನುಕೂಲಗಳಿವೆ.

ಚಿತ್ರಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಒಂದೇ ಅಭಿಪ್ರಾಯವಿಲ್ಲ ಎಂಬುದು ನಿಮಗೆ ಗೊತ್ತು. ಕ್ಯಾಮೆರಾದ ಚಿತ್ರದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಮನುಷ್ಯರ ಫೋಟೋವನ್ನು ಗೋಡೆಗೆ ತೂಗುಹಾಕಲು ಒಪ್ಪದ ಹಿರಿಯರಿದ್ದಾರೆ. ಆದರೆ ಮರ, ಕಲ್ಲು, ನೀರಿನ ಚಿತ್ರಕ್ಕೆ ಹೆಚ್ಚಿನ ವಿದ್ವಾಂಸರ ಆಕ್ಷೇಪವಿಲ್ಲ. ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬ ವ್ಯಕ್ತಿಗೆ ಇಬ್ನು ಅಬ್ಬಾಸ್(ರ) ಅವರು ಮರಗಳ ಮತ್ತು ನಿರ್ಜೀವ ವಸ್ತುಗಳ ಚಿತ್ರ ಬರೆಯುವಂತೆ ಸಲಹೆ ನೀಡಿದ್ದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಆದ್ದರಿಂದ ಅಜ್ಜ, ಸೊಸೆ, ಮೊಮ್ಮಗಳು ಮೂವರೂ ತಕರಾರಿಲ್ಲದೆ ಒಟ್ಟಿಗೆ ಕೂತು ನೋಡಬಹುದಾದ ಚಿತ್ರಗಳಿವು.

ಎರಡನೆಯದು ಹೆಣ್ಣುಮಕ್ಕಳ ವಿಷಯ. ನಮ್ಮ ಹುಡುಗಿಯರ ಕೈಗೆ ಮೊಬೈಲ್ ಬಂದಿದೆ. ಅದರ ಕ್ಯಾಮೆರಾ ಹೆಚ್ಚಾಗಿ ಅವರ ಮುಖದ ಕಡೆಗೇ ತಿರುಗಿರುತ್ತದೆ. ಮುಖದ ಫೋಟೋ ಕೈಜಾರಿದರೆ ಆಗುವ ತೊಂದರೆಗಳನ್ನು ನಾವು ದಿನವೂ ಕೇಳುತ್ತಿದ್ದೇವೆ. ‘ಮೊಬೈಲ್ ಮುಟ್ಟಬೇಡ’ ಎಂಬ ಗದರಿಕೆ ಎಷ್ಟು ದಿನ ನಡೆದೀತು? ಅದರ ಬದಲು ಕ್ಯಾಮೆರಾವನ್ನು ಹೊರಗೆ ತಿರುಗಿಸಲು ಕಲಿಸಿದರೆ? ‘ನಾನು ಹೇಗೆ ಕಾಣುತ್ತೇನೆ’ ಎಂದು ಕೇಳುತ್ತಿದ್ದ ಹುಡುಗಿ ‘ನನಗೆ ಏನು ಕಾಣುತ್ತಿದೆ’ ಎಂದು ಕೇಳಲು ಆರಂಭಿಸುತ್ತಾಳೆ. ಇದು ಸಣ್ಣ ಬದಲಾವಣೆಯಲ್ಲ.

ಆಸಕ್ತಿ ಬೆಳೆದರೆ ಮುಂದೆ ಕಲಿಯಲು ದಾರಿಯೂ ಇದೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನಲ್ಲಿ ಛಾಯಾಗ್ರಹಣವನ್ನು ಒಂದು ವಿಷಯವಾಗಿ ಕಲಿಸುತ್ತಾರೆ. ಬಟ್ಟೆಯ ಅಚ್ಚು, ಕಸೂತಿ, ಟೈಲ್ಸ್, ಪುಸ್ತಕದ ಮುಖಪುಟ ಇವುಗಳ ವಿನ್ಯಾಸಕ್ಕೆಲ್ಲ ಬೇಕಾಗುವುದು ಇದೇ ಕಣ್ಣು. ಕಲ್ಲುಹೂವಿನ ಒಂದು ಚಿತ್ರದಿಂದ ದುಪಟ್ಟಾದ ಅಂಚಿಗೆ ಕಸೂತಿ ಮಾದರಿ ತೆಗೆದ ವಿದ್ಯಾರ್ಥಿನಿಯನ್ನು ನಾನೇ ಕಂಡಿದ್ದೇನೆ.

ನಾಲ್ಕು ತಿಂಗಳು ಹತ್ತು ದಿನ

ನಮ್ಮ ಮೊಹಲ್ಲಾದಲ್ಲಿ ಒಬ್ಬ ಖಾಲಾ ಇದ್ದಾರೆ. ಅರವತ್ತು ದಾಟಿದವರು. ಕೆಲವು ವರ್ಷಗಳ ಹಿಂದೆ ಮಳೆಗಾಲದಲ್ಲಿ ಪತಿ ತೀರಿಕೊಂಡರು. ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂತರು. ಮೊದಲ ವಾರಗಳಲ್ಲಿ ಬಂದು ಹೋಗುವವರು ಬಹಳ. ಆಮೇಲೆ ಮನೆ ಖಾಲಿ. ಮಗ ಸೊಸೆ ಕೆಲಸಕ್ಕೆ ಹೋದರೆ ಸಂಜೆಯವರೆಗೂ ಒಬ್ಬರೇ. ಓದು, ನಮಾಝ್, ತಸ್ಬೀಹ್ ಮುಗಿಸಿದ ಮೇಲೂ ಹಗಲು ಉಳಿಯುತ್ತಿತ್ತು.

ಹಿತ್ತಿಲಿನಲ್ಲಿ ಒಂದು ಒಗೆಯುವ ಕಲ್ಲಿತ್ತು. ವಾಷಿಂಗ್ ಮೆಷಿನ್ ಬಂದ ಮೇಲೆ ಯಾರೂ ಮುಟ್ಟದ ಕಲ್ಲು. ಹೈಸ್ಕೂಲಿನಲ್ಲಿ ಓದುವ ಮೊಮ್ಮಗಳು ಶಾಲೆಯ ಯಾವುದೋ ಚಟುವಟಿಕೆಗೆಂದು ಅದರ ಪಾಚಿಯ ಫೋಟೋ ತೆಗೆದು ಅಜ್ಜಿಗೆ ತೋರಿಸಿದಳು. ‘ಇದ್ಯಾವ ಕಾಡು?’ ಎಂದು ಖಾಲಾ ಕೇಳಿದರಂತೆ. ಕಾಡಲ್ಲ, ನಿಮ್ಮದೇ ಕಲ್ಲು ಎಂದಾಗ ನಂಬಲಿಲ್ಲ. ಎದ್ದು ಹೋಗಿ ಕಲ್ಲಿನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನೋಡಿದರು. ಅಂದಿನಿಂದ ಮನೆಯ ಹಳೆಯ ಮೊಬೈಲ್ ಅವರ ಕೈ ಸೇರಿತು.

ಬೆಳಗಿನ ಓರೆ ಬಿಸಿಲಿನಲ್ಲಿ ಒಮ್ಮೆ, ಮಳೆ ಬಿದ್ದ ಮೇಲೆ ಒಮ್ಮೆ, ಬೇವಿನೆಲೆ ಉದುರಿದಾಗ ಒಮ್ಮೆ ಅದೇ ಕಲ್ಲನ್ನು ತೆಗೆದರು. ನಡುವೆ ಬಟ್ಟೆ ಉಜ್ಜಿ ಉಜ್ಜಿ ಸವೆದ ಭಾಗ ನುಣುಪಾಗಿ, ನೀರು ನಿಂತ ಹಳ್ಳದಂತೆ ತಗ್ಗಾಗಿದೆ. ಅದರ ಒಂದು ಚಿತ್ರವನ್ನು ನನಗೆ ತೋರಿಸುತ್ತಾ ಅವರು ಹೇಳಿದರು: “ಮದುವೆಯಾದ ವರ್ಷ ಅವರೇ ಗಾಡಿಯಲ್ಲಿ ತರಿಸಿ ಹಾಕಿಸಿದ ಕಲ್ಲು, ಬೇಟಿ. ಆಗ ಇದು ಚಪ್ಪಟೆ ಇತ್ತು. ಈ ತಗ್ಗು ನನ್ನ ಕೈಯದು. ಮೂವತ್ತು ವರ್ಷ ಒಗೆದೆ, ಒಂದು ದಿನವೂ ಕಾಣಲಿಲ್ಲ.”

ನಾನು ಏನೂ ಹೇಳಲಿಲ್ಲ. ಒಂದು ಹೆಣ್ಣಿನ ಮೂವತ್ತು ವರ್ಷದ ದುಡಿಮೆಗೆ ಯಾರೂ ಪ್ರಮಾಣಪತ್ರ ಬರೆದುಕೊಡುವುದಿಲ್ಲ. ಕಲ್ಲು ಬರೆದುಕೊಂಡಿತ್ತು. ಅದನ್ನು ಓದಲು ಯಾರಾದರೂ ಹತ್ತಿರ ಹೋಗಿ ಕೂರಬೇಕಿತ್ತು, ಅಷ್ಟೇ. ಮನೆಯನ್ನು ಹೊಸದಾಗಿ ಕಟ್ಟುವಾಗ ಆ ಕಲ್ಲನ್ನು ಒಡೆದು ಹಾಕುವ ಮಾತಿತ್ತು. ಚಿತ್ರಗಳನ್ನು ನೋಡಿದ ಮೇಲೆ ಮಗ ಆ ಮಾತೆತ್ತಿಲ್ಲ.

ಹೇಗೆ ತೆಗೆಯುವುದು?

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲು ಮೊಬೈಲಿನ ಕ್ಯಾಮೆರಾ ಗಾಜನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ. ಅಡುಗೆಮನೆಯ ಎಣ್ಣೆಕೈ ತಾಗಿದ ಗಾಜಿನಿಂದ ಒಳ್ಳೆಯ ಚಿತ್ರ ಬಾರದು.

ಕಲ್ಲಿಗೂ ಮೊಬೈಲಿಗೂ ನಡುವೆ ನಾಲ್ಕು ಬೆರಳಿಗಿಂತ ಹೆಚ್ಚು, ಒಂದು ಗೇಣಿಗಿಂತ ಕಡಿಮೆ ಅಂತರ ಇರಲಿ. ತೀರಾ ಹತ್ತಿರ ಹೋದರೆ ಹೆಚ್ಚಿನ ಫೋನುಗಳಲ್ಲಿ ಚಿತ್ರ ಮಸುಕಾಗುತ್ತದೆ. ಪರದೆಯ ಮೇಲೆ ಬೆರಳಿನಿಂದ ತಟ್ಟಿ, ಸ್ಪಷ್ಟವಾಗುವವರೆಗೆ ಕಾಯಿರಿ. ಫೋನಿನಲ್ಲಿ ಮ್ಯಾಕ್ರೋ ಎಂಬ ಆಯ್ಕೆ ಇದ್ದರೆ ಇನ್ನೂ ಹತ್ತಿರ ಹೋಗಬಹುದು. ಇಲ್ಲದಿದ್ದರೆ ಮಕ್ಕಳ ಭೂತಗನ್ನಡಿಯನ್ನು ಕ್ಯಾಮೆರಾದ ಮುಂದೆ ಹಿಡಿದು ನೋಡಿ.

ಬೆಳಕೇ ಇಲ್ಲಿ ಮುಖ್ಯ. ಬೆಳಿಗ್ಗೆ ಮತ್ತು ಅಸರ್ ನಂತರದ ಓರೆ ಬಿಸಿಲಿನಲ್ಲಿ ಕಲ್ಲಿನ ಉಬ್ಬುತಗ್ಗುಗಳ ನೆರಳು ಉದ್ದವಾಗಿ ಬೀಳುತ್ತದೆ. ಆಗ ಒರಟುತನ ಎದ್ದು ಕಾಣುತ್ತದೆ. ನಡುಮಧ್ಯಾಹ್ನದ ಬಿಸಿಲು ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಬಣ್ಣಗಳು ಬೇಕಾದರೆ ಮೋಡ ಮುಸುಕಿದ ದಿನವೇ ಒಳ್ಳೆಯದು. ಫ್ಲಾಶ್ ಬೇಡವೇ ಬೇಡ.

ಒಣಗಿದ ಕಲ್ಲು ಮಂಕಾಗಿ ಕಂಡರೆ ಸ್ವಲ್ಪ ನೀರು ಚಿಮುಕಿಸಿ. ಬಣ್ಣ ಒಮ್ಮೆಲೇ ಗಾಢವಾಗುತ್ತದೆ! ಒಣ ಮೈಯ ಸಣ್ಣ ಸಣ್ಣ ತಗ್ಗುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸಿ ಕಲ್ಲನ್ನು ಬಿಳಿಚಿಸುತ್ತವೆ. ನೀರು ಆ ತಗ್ಗುಗಳನ್ನು ತುಂಬಿದಾಗ ಚದುರುವಿಕೆ ಕಡಿಮೆಯಾಗಿ ಕಲ್ಲಿನ ನಿಜಬಣ್ಣ ಮೇಲೆ ಬರುತ್ತದೆ.

ಗುಂಡಿ ಒತ್ತುವ ಮುನ್ನ ಚೌಕಟ್ಟಿನ ನಾಲ್ಕು ಅಂಚುಗಳನ್ನು ನೋಡಿ. ನಿಮ್ಮ ಬೆರಳು, ನೆರಳು, ಪೊರಕೆಯ ತುದಿ, ಬಕೆಟ್ಟಿನ ಅಂಚು ಯಾವುದೂ ಒಳಗೆ ಬರಬಾರದು. ಗುರುತು ಸಿಗುವ ಒಂದು ವಸ್ತು ಬಂದರೂ ಸಾಕು, ನೋಡುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಆಮೇಲೆ ಒಂದು ಮುಖ್ಯವಾದದ್ದನ್ನು ಆರಿಸಿ. ಒಂದು ಗೆರೆಯೋ, ಒಂದು ಕಲೆಯೋ, ಎರಡು ಬಣ್ಣಗಳು ಸೇರುವ ಗಡಿಯೋ. ಎಲ್ಲವೂ ಬೇಕೆಂದರೆ ಚಿತ್ರ ಸಂತೆಯಾಗುತ್ತದೆ. ತೆಗೆದ ಚಿತ್ರವನ್ನು ತಲೆಕೆಳಗು ಮಾಡಿ ನೋಡಿ. ಆಗಲೂ ಚೆನ್ನಾಗಿ ಕಂಡರೆ ಅದು ನಿಜಕ್ಕೂ ಚೆನ್ನಾಗಿದೆ.

ಏನನ್ನು ತೆಗೆಯುವುದು? ಅಡುಗೆಮನೆಯ ಗ್ರಾನೈಟ್, ಅಜ್ಜಿಯ ಕಾಲದ ಒರಳು, ಅಡ್ಡಡ್ಡ ಕೊಯ್ದ ಎಲೆಕೋಸು, ಹಲಸಿನಕಾಯಿಯ ಮುಳ್ಳುಗಳು, ವೀಳ್ಯದೆಲೆಯ ನರಗಳು, ಸೀಬೆಮರದ ಸುಲಿಯುವ ತೊಗಟೆ, ತುಕ್ಕು ಹಿಡಿದ ಗೇಟು. ಭಾನುವಾರ ಮಕ್ಕಳ ಜೊತೆ ಕುಕ್ಕರಹಳ್ಳಿ ಕೆರೆಗೋ ಕಾರಂಜಿ ಕೆರೆಗೋ ಹೋದರೆ ನೀರಿನ ಅಲೆ, ಒಣಗಿ ಬಿರಿದ ಕೆಸರು. ಕೆಸರು ಒಣಗುವಾಗ ಕುಗ್ಗುವುದರಿಂದ ಹಾಗೆ ತುಂಡುತುಂಡಾಗಿ ಸೀಳುತ್ತದೆ. ಸ್ಮಾರಕಗಳ ಒಳಗೆ ಫೋಟೋ ತೆಗೆಯುವ ಮುನ್ನ ಅಲ್ಲಿಯವರ ಅನುಮತಿ ಕೇಳಿ. ಬಂಡೆಯ ಮೇಲೆ ಹೆಸರು ಕೆತ್ತುವ, ಬಣ್ಣ ಬಳಿಯುವ ಕೆಟ್ಟ ಚಾಳಿಯಿಂದ ಮಕ್ಕಳನ್ನು ದೂರವಿಡಿ. ಮಳೆಗಾಲದಲ್ಲಿ ಬೆಟ್ಟದ ಇಳಿಜಾರಿಗೆ ಹೋಗಬೇಡಿ. 2021ರ ಅಕ್ಟೋಬರಿನಲ್ಲಿ ಭಾರೀ ಮಳೆಗೆ ಚಾಮುಂಡಿ ಬೆಟ್ಟದ ರಸ್ತೆಯೇ ಒಂದೆಡೆ ಕುಸಿದಿತ್ತು.

ಹತ್ತು ನಿಮಿಷ ನಿಮ್ಮದು

‘ಇದೆಲ್ಲ ಮಾಡಲು ನಮಗೆಲ್ಲಿ ಪುರುಸೊತ್ತು?’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗ್ಯಾಸ್ ಮೇಲೆ ಕುಕ್ಕರ್ ಇಟ್ಟು ಮೂರು ಸೀಟಿಗೆ ಕಾಯುವ ಹೊತ್ತಿದೆಯಲ್ಲ? ಅಷ್ಟು ಸಾಕು. ಮನೆಯವರಿಗಾಗಿ, ಮಕ್ಕಳಿಗಾಗಿ, ಅತಿಥಿಗಳಿಗಾಗಿ ದಿನವಿಡೀ ದುಡಿಯುವ ಕಣ್ಣು ಆ ಹತ್ತು ನಿಮಿಷ ಯಾರ ದೋಷವನ್ನೂ ಹುಡುಕದೆ, ಯಾರ ಲೆಕ್ಕವನ್ನೂ ಇಡದೆ ಇರಲಿ.

ನಾಳೆ ಬೆಳಿಗ್ಗೆ ಕಟ್ಟೆ ಒರೆಸುವಾಗ ಬಟ್ಟೆಯನ್ನು ಒಂದು ಕ್ಷಣ ಪಕ್ಕಕ್ಕಿಡಿ. ಕಲ್ಲು ಇನ್ನೂ ಒದ್ದೆಯಾಗಿರುತ್ತದೆ, ಕಿಟಕಿಯ ಬೆಳಕು ಓರೆಯಾಗಿ ಬೀಳುತ್ತಿರುತ್ತದೆ. ಬಗ್ಗಿ ನೋಡಿ. ಕೋಟ್ಯಂತರ ವರ್ಷಗಳ ಹಿಂದೆ ಭೂಮಿಯ ಆಳದಲ್ಲಿ ಮೂಡಿದ ಚಿತ್ರವೊಂದು ನಿಮ್ಮ ಚಹಾದ ಲೋಟದ ಪಕ್ಕದಲ್ಲೇ ಇದೆ. ಮಗಳನ್ನೂ ಕರೆದು ತೋರಿಸಿ. ಅವಳಿಗೆ ಅದರಲ್ಲಿ ಏನು ಕಾಣುತ್ತದೆ ಎಂದು ಕೇಳಿ.